ತಲೆನೋವು ತಡೆಯುವ ಮಾತ್ರೆ: ಬದಲಿಗೆ ಏನನ್ನು ಒತ್ತೆ ಇಡಬಲ್ಲಿರಿ?

"ಡಾಕ್ಟರು ಮೂರು ಔಷಧಿಯ ಹೆಸರು ಹೇಳಿ, ಯಾವುದಾದರೂ ಆಗಬಹುದು, ಯೋಚನೆ ಮಾಡಿ ಹೇಳಿ ಅಂದರು. ಯೋಚನೆ ಮಾಡೋದಾದರೂ ಹೇಗೆ?" ಮೈಗ್ರೇನ್ ಇರುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಎರಡನೆಯದು ಇದರ ತಂಗಿ: "ಮಾತ್ರೆ ಶುರುವಾದ ಮೇಲೆ ತಲೆನೋವೇನೋ ಇಳಿಯಿತು. ಆದರೆ ಮಾತಿನ ಮಧ್ಯೆ ಪದಗಳೇ ಸಿಗುತ್ತಿಲ್ಲ. ಇದು ಮಾತ್ರೆಯ ಕೆಲಸವೋ, ವಯಸ್ಸಿನದೋ?"

ಮೈಗ್ರೇನ್ ಬಾರದಂತೆ ತಡೆಯಲು ದಿನವೂ ನುಂಗುವ ಹಳೆಯ ಔಷಧಿಗಳು ಹೆಚ್ಚಿನಂಶ ಬೇರೆ ಕಾಯಿಲೆಯ ಮನೆಯಿಂದ ಬಂದವು. ಒಂದು ಹೃದಯದ್ದು, ಒಂದು ಖಿನ್ನತೆಯದು, ಎರಡು ಮೂರ್ಛೆರೋಗದವು, ಇನ್ನೊಂದು ರಕ್ತದೊತ್ತಡದ್ದು. ನೋವು ತಗ್ಗಿಸುವ ಬಲದಲ್ಲಿ ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಯಾವುದನ್ನು ಕೊಟ್ಟರೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನೋವಿನ ದಿನಗಳು ಅರ್ಧಕ್ಕೆ ಇಳಿಯುತ್ತವೆ, ಉಳಿದವರಿಗೆ ಅಷ್ಟು ಇಳಿಯುವುದಿಲ್ಲ. ನಿಜವಾದ ಅಂತರ ಇರುವುದು ಅವು ಮಿದುಳಿನಿಂದ ಬದಲಿಗೆ ಏನು ಕೇಳುತ್ತವೆ ಎಂಬುದರಲ್ಲಿ. ಒಂದು ಬೆಳಗಿನ ಚುರುಕನ್ನು ಕೇಳುತ್ತದೆ, ಒಂದು ಪದಗಳನ್ನು, ಒಂದು ಕೈಯ ಸ್ಥಿರತೆಯನ್ನು, ಒಂದು ಮನಸ್ಸಿನ ಉಲ್ಲಾಸವನ್ನು. ಯಾವುದನ್ನು ಒತ್ತೆ ಇಡಬಲ್ಲೆ, ಯಾವುದನ್ನು ಇಡಲಾರೆ ಎಂದು ಮೊದಲು ಕೇಳಿಕೊಂಡರೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ನಾನು ವೈದ್ಯನಲ್ಲ. ಈ ಪಟ್ಟಿಯಲ್ಲಿರುವ ಮೂರನ್ನು ಬೇರೆ ಬೇರೆ ವರ್ಷಗಳಲ್ಲಿ ನುಂಗಿದವನು, ಅಷ್ಟೆ. ಇದನ್ನು ಓದಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ಅದಕ್ಕಿಂತ ಮುಖ್ಯವಾಗಿ, ನುಂಗುತ್ತಿರುವುದನ್ನು ನಾಳೆಯೇ ಬಿಟ್ಟುಬಿಡಬೇಡಿ. ವೈದ್ಯರ ಎದುರು ಕೂತಾಗ ಏನು ಕೇಳಬೇಕು, ನಿಮ್ಮ ಬಗ್ಗೆ ಏನು ಹೇಳಬೇಕು ಎಂಬುದು ತಿಳಿದರೆ ಸಾಕು.

ಮೊದಲು, ಇದು ನಿಮಗೆ ಬೇಕೇ?

ನೋವು ಬಂದಾಗ ನುಂಗುವ ಮಾತ್ರೆಗಳ ಮಾತು ಇಲ್ಲಿಲ್ಲ. ತಿಂಗಳಲ್ಲಿ ನಾಲ್ಕು ಅಥವಾ ಹೆಚ್ಚು ದಿನ ಮೈಗ್ರೇನ್ ಕಾಡುತ್ತಿದ್ದರೆ, ಇಲ್ಲವೇ ದಿನಗಳು ಕಡಿಮೆಯಾದರೂ ಬಂದಾಗ ಹಾಸಿಗೆ ಹಿಡಿಸುವಂತಿದ್ದರೆ ತಡೆ ಔಷಧಿಯ ಮಾತು ಬರುತ್ತದೆ. ಅದಕ್ಕೂ ಮುಂಚೆ ಒಂದು ಲೆಕ್ಕ ಹಾಕಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮೈಗ್ರೇನ್ ಬಂದಾಗ ಅದನ್ನು ಇಳಿಸಲೆಂದೇ ಕೊಡುವ ಟ್ರಿಪ್ಟಾನ್ ಜಾತಿಯದನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿಸಿದ್ದರೆ ಆ ಮಾತ್ರೆಗಳೇ ತಲೆನೋವು ತರುತ್ತಿರಬಹುದು. ಔಷಧಿ ನರಮಂಡಲಕ್ಕೆ ಮಾಡುವ ಉಪದ್ರವಗಳಲ್ಲಿ ಅತಿ ಸಾಮಾನ್ಯವಾದದ್ದೂ ಅತಿ ಕಡಿಮೆ ಜನರಿಗೆ ಗೊತ್ತಿರುವುದೂ ಬಹುಶಃ ಇದೇ.

ಯಾವ ತಕ್ಕಡಿಯಲ್ಲಿ ತೂಗುವುದು

ನನ್ನ ಮೊದಲ ಅಳತೆ, ನಿಮ್ಮ ಅನ್ನ ಯಾವುದರಿಂದ ಹುಟ್ಟುತ್ತದೆ ಎಂಬುದು. ಪಾಠ ಹೇಳುವವರಿಗೆ, ವಕೀಲರಿಗೆ, ಅನುವಾದಕರಿಗೆ ಪದವೇ ಬಂಡವಾಳ. ಸೂಜಿ ಹಿಡಿಯುವವರಿಗೆ, ಚಿತ್ರ ಬರೆಯುವವರಿಗೆ, ಹಲ್ಲಿನ ವೈದ್ಯರಿಗೆ ಬೆರಳು. ರಾತ್ರಿ ವಾಹನ ಓಡಿಸುವವರಿಗೆ ಎಚ್ಚರ. ಎರಡನೆಯದು ನಿದ್ದೆ. ನಿದ್ದೆ ಬಾರದೆ ಒದ್ದಾಡುವವರಿಗೆ ಮಂಪರು ವರ, ಮಗುವಿಗಾಗಿ ರಾತ್ರಿ ಎದ್ದೇಳಬೇಕಾದವರಿಗೆ ಅದೇ ಶಾಪ. ಮೂರನೆಯದು, ಹಿಂದೆ ಯಾವಾಗಲಾದರೂ ಖಿನ್ನತೆ ಕಾಡಿದೆಯೇ ಎಂಬುದು. ಇದನ್ನು ಮುಚ್ಚಿಟ್ಟು ಮಾತ್ರೆ ಬರೆಸಿಕೊಳ್ಳುವವರು ಬಹಳ, ಅದರಿಂದ ನರಳುವವರೂ ಬಹಳ.

ಗರ್ಭಧಾರಣೆಯ ಸಾಧ್ಯತೆ ಇದೆಯೇ ಎಂಬುದು ಅಳತೆಯಲ್ಲ, ಬಾಗಿಲು. ಅದು ಕೆಲವು ಔಷಧಿಗಳನ್ನು ಹೊರಗೇ ನಿಲ್ಲಿಸುತ್ತದೆ. ಅರವತ್ತು ದಾಟಿದ ವಯಸ್ಸು ಇನ್ನು ಕೆಲವನ್ನು ಹೊಸಿಲ ಮೇಲೆ ತಡೆಯುತ್ತದೆ.

ಹೆಚ್ಚಿನವರು ಕೇಳದ ಪ್ರಶ್ನೆಯೊಂದಿದೆ: ಅಡ್ಡಪರಿಣಾಮ ಕಂಡು ಮಾತ್ರೆ ನಿಲ್ಲಿಸಿದರೆ ಎಷ್ಟು ದಿನದಲ್ಲಿ ಅದು ಮೈಯಿಂದ ಹೋಗುತ್ತದೆ? ಕೆಲವು ಕೆಲವೇ ದಿನಗಳಲ್ಲಿ ಹೋಗುತ್ತವೆ, ಒಂದು ಮಾತ್ರ ತಿಂಗಳುಗಟ್ಟಲೆ ಕೂರುತ್ತದೆ. ತಪ್ಪು ಆಯ್ಕೆ ಸುಲಭವಾಗಿ ತಿದ್ದುವಂಥದ್ದೋ ಅಲ್ಲವೋ ಎಂಬುದು ಇದರಿಂದಲೇ ತಿಳಿಯುತ್ತದೆ. ಖರ್ಚಿನ ವಿಷಯ ಸರಳ: ಹಳೆಯ ಮಾತ್ರೆಗಳೆಲ್ಲ ಪೇಟೆಂಟ್ ಮುಗಿದವು, ಅಗ್ಗ. ಹೊಸ ಚುಚ್ಚುಮದ್ದುಗಳು ಅವುಗಳ ಎಷ್ಟೋ ಪಟ್ಟು ದುಬಾರಿ.

ಟೊಪಿರಮೇಟ್: ಪದ ಕದಿಯುವ ಕಳ್ಳ

ಮೂರ್ಛೆರೋಗದ ಔಷಧಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಇದನ್ನು ಮೈಗ್ರೇನ್ ತಡೆಗೂ ಒಪ್ಪಿತು. ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಶುರುವಾಗಿ ವಾರ ವಾರಕ್ಕೆ ಏರುತ್ತಾ ದಿನಕ್ಕೆ 100ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಮೊದಲು ಕಾಣಿಸುವುದು ಬೆರಳ ತುದಿ, ಪಾದ, ಕೆಲವೊಮ್ಮೆ ತುಟಿಯ ಸುತ್ತ ಇರುವೆ ಹರಿದಂಥ ಜುಮುಜುಮು. 100 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಆಗುತ್ತದೆ. ಹೆದರಬೇಕಾದ್ದಲ್ಲ. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ಈ ಔಷಧಿ ತಡೆಯುವುದರಿಂದ ಹೀಗಾಗುತ್ತದೆ. ಸೋಡಾದಂಥ ನೊರೆಯುಕ್ಕುವ ಪಾನೀಯಗಳ ರುಚಿ ಸಪ್ಪೆಯಾಗಿ ಕೆಡುವುದಕ್ಕೂ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದಕ್ಕೂ ಅದೇ ಕಾರಣ. ಹಿಂದೆ ಕಲ್ಲು ಬಂದಿದ್ದರೆ ಖಂಡಿತ ಹೇಳಿ. ತೂಕ ಇಳಿಯುತ್ತದೆ, ಇದೇ ಆಸೆಗೆ ಇದನ್ನು ಆರಿಸುವವರೂ ಇದ್ದಾರೆ.

ತೊಂದರೆ ಇರುವುದು ಮಾತಿನಲ್ಲಿ. ಎರಡನೇ ತಿಂಗಳಲ್ಲಿ ಒಮ್ಮೆ ಎದುರಿಗಿದ್ದ ಕತ್ತರಿಯ ಹೆಸರು ಬಾಯಿಗೆ ಬರದೆ "ಅದೇ, ಆ ಎರಡು ಕಾಲಿಂದು, ಕೊಯ್ಯೋದು" ಅಂದಿದ್ದೆ. ಮನೆಯವರು ನಕ್ಕರು, ನಾನೂ ನಕ್ಕೆ. ವಾರ ಕಳೆದು ಸಭೆಯೊಂದರಲ್ಲಿ ಐದು ವರ್ಷ ಪಕ್ಕದಲ್ಲೇ ಕೂತ ಸಹೋದ್ಯೋಗಿಯ ಹೆಸರು ಸಿಗದಿದ್ದಾಗ ನಗು ಬರಲಿಲ್ಲ. ಸಾಮಾನ್ಯ ಮರೆವು ಬೇರೆ, ಇದು ಬೇರೆ. ವಸ್ತು ಕಣ್ಣ ಮುಂದಿರುತ್ತದೆ, ಅದೇನೆಂದು ಚೆನ್ನಾಗಿ ಗೊತ್ತಿರುತ್ತದೆ, ಹೆಸರು ಮಾತ್ರ ನಾಲಿಗೆಯ ತುದಿವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಡೋಸ್ ಇಳಿಸಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಬಿಟ್ಟರೆ ಹೋಗುತ್ತದೆ. ನನಗೂ ಹೋಯಿತು. ನಿಧಾನವಾಗಿ ಏರಿಸಿದಷ್ಟೂ ಈ ಕಾಟ ಕಡಿಮೆ. ಆದ್ದರಿಂದ ಬೇಗ ಗುಣವಾಗಲಿ ಎಂದು ಡೋಸ್ ಹಾರಿಸುವ ಆತುರ ಬೇಡ.

ಇನ್ನು ಮೂರು ಎಚ್ಚರಿಕೆ. ಶುರುವಿನ ತಿಂಗಳೊಳಗೆ ಕಣ್ಣು ಹಠಾತ್ತನೆ ಮಂಜಾಗಿ ನೋವು ಬಂದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು, ಮೈಗ್ರೇನ್‌ನದೇ ಆಟ ಎಂದು ಮಲಗಿಬಿಡಬಾರದು. ಮನಸ್ಸು ಕುಗ್ಗುವುದು, ಸಾಯುವ ಯೋಚನೆ ಬರುವುದು ಮೂರ್ಛೆರೋಗದ ಔಷಧಿಗಳಲ್ಲಿ ದಾಖಲಾಗಿದೆ. 2008ರಲ್ಲಿ ಎಫ್‌ಡಿಎ ಈ ಇಡೀ ವರ್ಗದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬಸಿರಿನಲ್ಲಿ ಇದು ಮಗುವಿಗೆ ಸೀಳುತುಟಿಯಂಥ ತೊಂದರೆ ತರಬಲ್ಲದು. 2024ರಿಂದ ಬ್ರಿಟನ್ನಿನಲ್ಲಿ ಮಕ್ಕಳಾಗುವ ವಯಸ್ಸಿನ ಮಹಿಳೆಯರಿಗೆ ಇದನ್ನು ಕೊಡುವ ನಿಯಮಗಳು ಬಿಗಿಯಾಗಿವೆ.

ಅಮಿಟ್ರಿಪ್ಟಿಲಿನ್: ರಾತ್ರಿಯ ಗೆಳೆಯ, ಬೆಳಗಿನ ಸಾಲಗಾರ

1960ರ ದಶಕದ ಆರಂಭದಲ್ಲಿ ಖಿನ್ನತೆಗೆಂದು ಬಂದದ್ದು. ತಲೆನೋವಿಗೆ ಬೇಕಾಗುವ ಡೋಸ್ ಅದಕ್ಕಿಂತ ಎಷ್ಟೋ ಕಡಿಮೆ, ರಾತ್ರಿ 10 ಮಿಲಿಗ್ರಾಂನಿಂದ ಶುರು. "ನನಗೇನು ಹುಚ್ಚಾ, ಖಿನ್ನತೆಯ ಮಾತ್ರೆ ಯಾಕೆ ಕೊಟ್ಟರು" ಎಂದು ಚೀಟಿ ಹರಿದವರನ್ನು ಬಲ್ಲೆ. ಈ ಸಂಕೋಚಕ್ಕೆ ಕಾರಣವೇ ಇಲ್ಲ, ಇಲ್ಲಿ ಅದು ನೋವಿನ ದಾರಿಯ ಮೇಲೆ ಕೆಲಸ ಮಾಡುತ್ತದೆ.

ನಿದ್ದೆ ಸರಿ ಇಲ್ಲದವರಿಗೆ, ಕತ್ತು ಭುಜ ಬಿಗಿದು ಬರುವ ತಲೆನೋವೂ ಜೊತೆಗಿರುವವರಿಗೆ, ನರದ ಉರಿನೋವು ಇರುವವರಿಗೆ ನನ್ನ ಮೊದಲ ಆಯ್ಕೆ ಇದು. ಒಂದೇ ಮಾತ್ರೆ ಎರಡು ಕೆಲಸ ಮಾಡುತ್ತದೆ. ಬೆಲೆಯಾಗಿ ಬೆಳಿಗ್ಗೆ ತಲೆ ಹತ್ತಿ ತುಂಬಿದಂತೆ ಭಾರ, ಬಾಯಿ ಒಣಗುವುದು, ಮಲಬದ್ಧತೆ, ತೂಕ ಏರುವುದು. ಮಲಗುವ ಹೊತ್ತಿಗೆ ನುಂಗುವ ಬದಲು ಒಂದೆರಡು ಗಂಟೆ ಮೊದಲೇ ನುಂಗಿದರೆ ಬೆಳಗಿನ ಮಬ್ಬು ಎಷ್ಟೋ ತಗ್ಗುತ್ತದೆ. ಈ ಸಣ್ಣ ಉಪಾಯ ಗೊತ್ತಿಲ್ಲದೆ ನಾನು ಮೊದಲ ವಾರವೇ ಬಿಡುವವನಿದ್ದೆ.

ವಯಸ್ಸಾದವರಲ್ಲಿ ಚಿತ್ರವೇ ಬೇರೆ. ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕವನ್ನು ಇದು ತಡೆಯುತ್ತದೆ, ನೆನಪಿಗೆ ಬೇಕಾದದ್ದು ಅದೇ. ಗೊಂದಲ, ಎದ್ದಾಗ ತಲೆಸುತ್ತು, ಬೀಳುವುದು, ಮೂತ್ರ ಕಟ್ಟುವುದು ಎಲ್ಲವೂ ಆಗಬಹುದು. ವೃದ್ಧರಿಗೆ ಕೊಡದಿರುವುದು ಲೇಸೆಂದು ಅಮೆರಿಕದ ವೃದ್ಧವೈದ್ಯ ಸಂಘ ಪಟ್ಟಿ ಮಾಡಿರುವ ಔಷಧಿಗಳಲ್ಲಿ ಇದೂ ಇದೆ. ಕಿರಿದಾದ ಕೋನದ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಒಂದು ಕಾಯಿಲೆ), ಪ್ರಾಸ್ಟೇಟ್ ತೊಂದರೆ, ಹೃದಯ ಬಡಿತದ ಏರುಪೇರು ಇದ್ದರೂ ಬೇಡ.

ಫ್ಲುನರಿಜಿನ್: ಹೋಗೆಂದರೆ ಹೋಗದ ಅತಿಥಿ

ಅಮೆರಿಕದಲ್ಲಿ ಇದು ಮಾರುಕಟ್ಟೆಗೇ ಬಂದಿಲ್ಲ. ಯುರೋಪಿನ ಹಲವು ದೇಶಗಳಲ್ಲೂ ಏಷ್ಯಾದಲ್ಲೂ ಹೇರಳವಾಗಿ ಬರೆಯುತ್ತಾರೆ. ರಾತ್ರಿಗೊಂದು ಮಾತ್ರೆ, 5 ಅಥವಾ 10 ಮಿಲಿಗ್ರಾಂ, ಪರಿಣಾಮವೂ ಚೆನ್ನಾಗಿದೆ. ಆದರೆ ಇದು ಮಿದುಳಿನ ಡೋಪಮಿನ್‌ಗೂ ಅಡ್ಡ ನಿಲ್ಲುತ್ತದೆ. ಡೋಪಮಿನ್ ಕೊರತೆಯಾದರೆ ಏನಾಗುತ್ತದೆಂದು ಪಾರ್ಕಿನ್ಸನ್ ಕಾಯಿಲೆ ನೋಡಿದವರಿಗೆ ಗೊತ್ತು: ನಡಿಗೆ ನಿಧಾನ, ಕೈ ನಡುಕ, ಮುಖದಲ್ಲಿ ಭಾವ ಇಲ್ಲದಿರುವುದು, ಅಂಗಾಂಗ ಬಿಗಿತ. ಫ್ಲುನರಿಜಿನ್ ಮತ್ತು ಅದರ ಹತ್ತಿರದ ನೆಂಟ, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಎರಡೂ ಇಂಥದ್ದೇ ಲಕ್ಷಣ ತರಬಲ್ಲವು ಎಂದು 1980ರ ದಶಕದಲ್ಲೇ ವೈದ್ಯಕೀಯ ವರದಿಗಳು ಬಂದವು. ವಯಸ್ಸಾದಷ್ಟೂ, ತಿಂಗಳುಗಳು ಉದ್ದವಾದಷ್ಟೂ ಅಪಾಯ ಹೆಚ್ಚು.

ಇನ್ನೊಂದು ಖಿನ್ನತೆ. ಅದು ಮೆಲ್ಲಗೆ ಬರುತ್ತದೆ, ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತೂಕ, ಮಂಪರು ಹೇಗೂ ಇವೆ.

ಬಹುದಿನ ನುಂಗಿದ ಮೇಲೆ ಮೈಯಲ್ಲಿರುವ ಔಷಧಿಯ ಅರ್ಧ ಖಾಲಿಯಾಗಲೇ ಎರಡು ವಾರಕ್ಕೂ ಹೆಚ್ಚು ಹಿಡಿಯಬಹುದು. ಅಂದರೆ ನಿಲ್ಲಿಸಿದ ಮೇಲೂ ಅಡ್ಡಪರಿಣಾಮ ತಿಂಗಳುಗಟ್ಟಲೆ ಉಳಿದೀತು. ಸಾಮಾನ್ಯವಾಗಿ ಆರು ತಿಂಗಳಿಗೆ ನಿಲ್ಲಿಸಿ ಬಿಡುವು ಕೊಡಬೇಕೆಂಬ ಸೂಚನೆ ಇದೆ. ಹಳೆಯ ಚೀಟಿ ತೋರಿಸಿ ವರ್ಷಾನುಗಟ್ಟಲೆ ಅದೇ ಮಾತ್ರೆ ಕೊಳ್ಳುವ ಅಭ್ಯಾಸ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಇಲ್ಲಿಯೇ. ಮನೆಯಲ್ಲಿ ಹಿರಿಯರೊಬ್ಬರು ಇತ್ತೀಚೆಗೆ ಹೆಜ್ಜೆ ಎಳೆಯುತ್ತಿದ್ದರೆ, ಪಾರ್ಕಿನ್ಸನ್ ಎಂದು ತೀರ್ಮಾನಿಸುವ ಮೊದಲು ಅವರ ಮಾತ್ರೆಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಖಿನ್ನತೆಯ ಹಿನ್ನೆಲೆ ಇದ್ದವರು, ಪಾರ್ಕಿನ್ಸನ್ ಇರುವವರು ಇದರ ಹತ್ತಿರ ಹೋಗಬಾರದು. ಉಳಿದವರಿಗೆ ಗಡಿಯಾರ ನೋಡಿಕೊಂಡು ನುಂಗಿದರೆ ಕೆಟ್ಟ ಆಯ್ಕೆಯೇನಲ್ಲ.

ಪ್ರೊಪ್ರನೊಲಾಲ್, ಕ್ಯಾಂಡೆಸಾರ್ಟನ್

ಪ್ರೊಪ್ರನೊಲಾಲ್ ಹೃದಯದ ಮಾತ್ರೆ. 1960ರ ದಶಕದಲ್ಲಿ ಎದೆನೋವಿಗೆಂದು ನುಂಗಿದವರಿಗೆ ತಲೆನೋವೂ ಕಡಿಮೆಯಾದದ್ದು ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ಸಲೀಸಾಗಿ ಮಿದುಳನ್ನು ಹೊಕ್ಕುತ್ತದೆ. ಆಯಾಸ ಮತ್ತು ವಿಚಿತ್ರ ಕನಸುಗಳು ಇದರ ಗುರುತು. ಬಣ್ಣಬಣ್ಣದ, ಧಾರಾವಾಹಿಯಂಥ ಕನಸುಗಳು. ನನಗೆ ಅವು ಅಷ್ಟೇನೂ ಬೇಸರ ತರಲಿಲ್ಲ, ಮೆಟ್ಟಿಲು ಹತ್ತುವಾಗಿನ ಸುಸ್ತು ತಂದಿತು. ಕೈನಡುಕ ಇರುವವರಿಗೆ, ವೇದಿಕೆ ಹತ್ತಿದರೆ ಎದೆ ಡವಗುಟ್ಟುವವರಿಗೆ ಇದರಿಂದ ಲಾಭವೇ. ಆಸ್ತಮಾ ಇದ್ದರೆ ಪೂರ್ತಿ ನಿಷಿದ್ಧ. ಮೈಗ್ರೇನ್‌ಗೆ ರಿಜಾಟ್ರಿಪ್ಟಾನ್ ನುಂಗುವವರು ಅದರ ಡೋಸ್ ಇಳಿಸಿಕೊಳ್ಳಬೇಕು, ಏಕೆಂದರೆ ರಕ್ತದಲ್ಲಿ ಅದರ ಪ್ರಮಾಣವನ್ನು ಇದು ಏರಿಸುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ.

ಕ್ಯಾಂಡೆಸಾರ್ಟನ್ ರಕ್ತದೊತ್ತಡದ್ದು. 2014ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 72 ರೋಗಿಗಳ ಮೇಲೆ ಇದರ 16 ಮಿಲಿಗ್ರಾಂ, ಪ್ರೊಪ್ರನೊಲಾಲ್‌ನ 160ಕ್ಕೆ ಸರಿಸಮವಾಗಿ ನಿಂತಿತು. ತಲೆಸುತ್ತು ಬಿಟ್ಟರೆ ಮಿದುಳಿನ ಮೇಲಿನ ಕಾಟ ಕಡಿಮೆ. ಬಸಿರಿನಲ್ಲಿ ಬೇಡ, ರಕ್ತದೊತ್ತಡ ಮೊದಲೇ ಕಡಿಮೆ ಇರುವವರಿಗೂ ಒಗ್ಗದು. ಇಷ್ಟು ಅಗ್ಗದ, ಇಷ್ಟು ಸೌಮ್ಯದ ಔಷಧಿ ಚರ್ಚೆಗೇ ಬರುವುದಿಲ್ಲವಲ್ಲ ಎಂಬುದು ನನ್ನ ದೂರು. ಪದ, ನಿದ್ದೆ, ಮನಸ್ಸು ಯಾವುದನ್ನೂ ಒತ್ತೆ ಇಡಲಾರೆ ಅನ್ನುವವರು ಈ ಹೆಸರನ್ನು ತಾವಾಗಿ ಎತ್ತಿ ಕೇಳಬಹುದು.

ವಾಲ್ಪ್ರೊಯೇಟ್

ಮೈಗ್ರೇನ್ ತಡೆಯುತ್ತದೆ, ನಿಜ. ಆದರೆ ಕೈನಡುಕ, ತೂಕ, ಕೂದಲು ಉದುರುವುದು, ಯಕೃತ್ತಿನ ತೊಂದರೆ ಎಲ್ಲವೂ ಜೊತೆಗೆ. ವಯಸ್ಸಾದವರಲ್ಲಿ ಪಾರ್ಕಿನ್ಸನ್‌ನಂಥ ನಿಧಾನಗತಿ, ಬುದ್ಧಿ ಮಂಕಾಗುವುದೂ ಉಂಟು, ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಬಸಿರಿನಲ್ಲಿ ನುಂಗಿದರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನ ನ್ಯೂನತೆ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ. ಮಕ್ಕಳಾಗುವ ಸಾಧ್ಯತೆ ಇರುವ ಮಹಿಳೆಗೆ ತಲೆನೋವಿಗಾಗಿ ಇದನ್ನು ಬರೆದರೆ ಅಲ್ಲೇ ಪ್ರಶ್ನಿಸಿ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಉತ್ತಮ ಉದಾಹರಣೆ ಇಲ್ಲ.

ಕೈಯಲ್ಲಿ ಹಣವಿದ್ದರೆ

2018ರಿಂದ ಬಂದ ಎರೆನುಮ್ಯಾಬ್ ಮತ್ತು ಅದರ ಬಳಗದವು ಮೈಗ್ರೇನ್‌ಗಾಗಿಯೇ ತಯಾರಾದ ಚುಚ್ಚುಮದ್ದುಗಳು. ನೋವಿನ ಸಂದೇಶ ಸಾಗಿಸುವ ಸಿಜಿಆರ್‌ಪಿ ಎಂಬ ಪೆಪ್ಟೈಡಿನ ದಾರಿ ಕಟ್ಟುತ್ತವೆ. ಸಾಮಾನ್ಯ ಮಾತ್ರೆಯ ಅಣುವಿನ ನೂರಾರು ಪಟ್ಟು ದೊಡ್ಡ ಪ್ರೋಟೀನುಗಳಾದ್ದರಿಂದ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ದಾಟುವುದು ತೀರಾ ಕಡಿಮೆ. ಮಬ್ಬು, ಪದಮರೆವು ಅಪರೂಪವಾಗಿರುವುದು ಆ ಕಾರಣಕ್ಕೇ. ಜರ್ಮನಿಯಲ್ಲಿ 777 ಜನರ ಮೇಲೆ ಎರೆನುಮ್ಯಾಬನ್ನೂ ಟೊಪಿರಮೇಟನ್ನೂ ಎದುರುಬದುರು ಇಟ್ಟು ನೋಡಿದಾಗ, ಅಡ್ಡಪರಿಣಾಮ ತಾಳದೆ ಬಿಟ್ಟವರು ಟೊಪಿರಮೇಟ್‌ನಲ್ಲಿ ಶೇ 38.9, ಎರೆನುಮ್ಯಾಬ್‌ನಲ್ಲಿ ಶೇ 10.6. ಮಲಬದ್ಧತೆ, ಕೆಲವರಿಗೆ ರಕ್ತದೊತ್ತಡ ಏರುವುದು ಇದರ ದೋಷಗಳು. ಅಮೆರಿಕದ ತಲೆನೋವು ತಜ್ಞರ ಸಂಘ 2024ರಲ್ಲಿ ಇವನ್ನು ಮೊದಲ ಸಾಲಿಗೇ ಸೇರಿಸಿತು. ಉಳಿದೆಡೆ ಹಳೆಯ ಎರಡು ಮೂರು ಮಾತ್ರೆ ಸೋತ ಮೇಲಷ್ಟೇ ವಿಮೆ ಅಥವಾ ಸರ್ಕಾರ ಹಣ ಕೊಡುವ ಪದ್ಧತಿ ಸಾಮಾನ್ಯ. ಆದ್ದರಿಂದ ಯಾವ ಮಾತ್ರೆ, ಎಷ್ಟು ಡೋಸ್, ಯಾವ ಕಾರಣಕ್ಕೆ ಬಿಟ್ಟಿರಿ ಎಂಬ ದಾಖಲೆ ಇಟ್ಟುಕೊಳ್ಳಿ, ಮುಂದೆ ಅದೇ ಟಿಕೆಟ್.

ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿದ್ದು ಅದರಲ್ಲಿ ಕನಿಷ್ಠ ಎಂಟು ದಿನ ಮೈಗ್ರೇನ್ ಆದವರಿಗೆ ಬೊಟುಲಿನಮ್ ಟಾಕ್ಸಿನ್ ಇದೆ. 12 ವಾರಕ್ಕೊಮ್ಮೆ ತಲೆ, ಹಣೆ, ಕತ್ತಿನ 31 ಜಾಗಗಳಲ್ಲಿ ಸಣ್ಣ ಚುಚ್ಚು. ಕತ್ತುನೋವು, ಆಗೊಮ್ಮೆ ರೆಪ್ಪೆ ಜೋಲುವುದು ಬಿಟ್ಟರೆ ಬುದ್ಧಿಗೆ ತೊಂದರೆ ಇಲ್ಲ.

ಹಾಗಾದರೆ ಯಾರಿಗೆ ಯಾವುದು?

ಮಾತೇ ಕಸುಬಾದವರು ಟೊಪಿರಮೇಟನ್ನು ಕೊನೆಗಿಡಿ, ಕ್ಯಾಂಡೆಸಾರ್ಟನ್ ಅಥವಾ ಪ್ರೊಪ್ರನೊಲಾಲ್‌ನಿಂದ ಶುರು ಮಾಡುವ ಬಗ್ಗೆ ಕೇಳಿ. ನಿದ್ದೆಗೆಟ್ಟವರು ಅಮಿಟ್ರಿಪ್ಟಿಲಿನ್. ತೂಕದ ಚಿಂತೆ ಇದ್ದು, ಬಸಿರಿನ ಮಾತಿಲ್ಲದೆ, ಕಲ್ಲು, ಖಿನ್ನತೆಗಳ ಇತಿಹಾಸವೂ ಇಲ್ಲದಿದ್ದರೆ ಟೊಪಿರಮೇಟ್ ನ್ಯಾಯವಾದ ಪಣ. ಖಿನ್ನತೆ ಕಂಡವರು ಫ್ಲುನರಿಜಿನ್, ಟೊಪಿರಮೇಟ್ ಎರಡರಿಂದಲೂ ದೂರ. ಅರವತ್ತು ದಾಟಿದವರಿಗೆ ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್, ವಾಲ್ಪ್ರೊಯೇಟ್ ಮೂರೂ ಜಾರು ನೆಲ. ಸದ್ಯದಲ್ಲೇ ಮಗು ಬೇಕೆಂದಿರುವವರು ಮಾತ್ರೆಯ ಹೆಸರಿಗಿಂತ ಮೊದಲು ಆ ವಿಷಯವನ್ನೇ ವೈದ್ಯರ ಮುಂದಿಡಿ. ಅವರ ಲೆಕ್ಕ ಪೂರ್ತಿ ಬೇರೆ.

ಯಾವುದನ್ನೇ ಆರಿಸಿದರೂ ಗುರಿಯ ಡೋಸ್ ಮುಟ್ಟಿದ ಮೇಲೆ ಎರಡು ಮೂರು ತಿಂಗಳು ಕೊಡಬೇಕು. ಹತ್ತು ದಿನಕ್ಕೆ ಕೆಲಸ ಮಾಡಲಿಲ್ಲವೆಂದು ಬಿಟ್ಟ ಮಾತ್ರೆ ಸೋತ ಮಾತ್ರೆಯಲ್ಲ. ಒಮ್ಮೆಗೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಉಪಕಾರ ಯಾರದು, ಉಪದ್ರವ ಯಾರದು ಎಂದು ತಿಳಿಯುವುದಿಲ್ಲ. ಸಾಯುವ ಯೋಚನೆ, ಹಠಾತ್ ಕಣ್ಣುನೋವು, ಗೊಂದಲ, ಹೊಸದಾಗಿ ಮೈ ಬಿಗಿತ ಇವಕ್ಕೆ ಮಾತ್ರ ಕಾಯುವಂತಿಲ್ಲ, ಅದೇ ದಿನ ವೈದ್ಯರಿಗೆ ಹೇಳಬೇಕು. ಕ್ಷಣಾರ್ಧದಲ್ಲಿ ಸಿಡಿಲಿನಂತೆ ಎರಗುವ, ಹಿಂದೆಂದೂ ಕಾಣದ ತಲೆನೋವಿಗೆ ನೇರ ಆಸ್ಪತ್ರೆ.

ಶುರು ಮಾಡುವ ಮುಂಚಿನ ವಾರವೇ ಒಂದು ಹಾಳೆಯಲ್ಲಿ ಬರೆದಿಡಿ: ಈಗ ನಿದ್ದೆ ಹೇಗಿದೆ, ಪದ ಎಷ್ಟು ಸಲ ತಡೆಯುತ್ತದೆ, ಕೈ ನಡುಗುತ್ತದೆಯೇ, ಮನಸ್ಸು ಹೇಗಿದೆ, ತೂಕ ಎಷ್ಟು. ಮೈಗ್ರೇನ್ ತಾನೇ ಇವುಗಳಲ್ಲಿ ಕೆಲವನ್ನು ಕೆಡಿಸಿರುತ್ತದೆ. ಮೊದಲಿನ ಅಳತೆ ಇಲ್ಲದಿದ್ದರೆ ಎಲ್ಲ ಆರೋಪವೂ ಮಾತ್ರೆಯ ಮೇಲೆ ಬೀಳುತ್ತದೆ, ಇಲ್ಲವೇ ಯಾವುದೂ ಬೀಳುವುದಿಲ್ಲ. ಮೂರನೇ ವಾರ, ಆರನೇ ವಾರ ಅದೇ ಹಾಳೆಯನ್ನು ಮನೆಯವರ ಕೈಗೂ ಕೊಡಿ. ನಮ್ಮ ಮಂಕು ನಮಗೆ ಕಾಣುವುದು ಕಡಿಮೆ. ಕತ್ತರಿಯ ಪ್ರಸಂಗವನ್ನು ತಾರೀಕು ಸಮೇತ ಬರೆದಿಟ್ಟು ಡಾಕ್ಟರಿಗೆ ತೋರಿಸಿದವಳು ನನ್ನ ಹೆಂಡತಿ. ನನಗೆ ಅದು ಮರೆತೇ ಹೋಗಿತ್ತು.